ಗಾಳಿ ಸದ್ದನ್ನು ಹೊತ್ತೊಯ್ಯುತ್ತದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಗಾಳಿ ಮತ್ತು ಶಬ್ದದ ಸಂಬಂಧದ ಬಗ್ಗೆ ಬಂದಿರುವ ಪತ್ರಗಳಲ್ಲಿ ಹಲವು ಒಂದೇ ಎಳೆಗೆ ಸೇರಿದವಾದ್ದರಿಂದ ಈ ಬಾರಿಯ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಉದ್ದನೆಯ ಪತ್ರಗಳನ್ನು ಮೊಟಕುಗೊಳಿಸಿ ಕೊಡಲಾಗಿದೆ.

ಪ್ರಶ್ನೆ: ಬಯಲಿನ ಒಂದು ತುದಿಯಲ್ಲಿ ಧ್ವನಿವರ್ಧಕ ಇಟ್ಟು ಹಾಡು ಹಾಕಿದಾಗ, ದೂರದಲ್ಲಿ ನಿಂತವರಿಗೆ ಅದು ಒಂದು ಕ್ಷಣ ಸ್ಪಷ್ಟವಾಗಿ, ಮರುಕ್ಷಣ ಮಂದವಾಗಿ, ತುಂಡು ತುಂಡಾಗಿ ಕೇಳಿಸುತ್ತದೆ. ಗಾಳಿಯ ದಿನಗಳಲ್ಲಿ ಇದು ಹೆಚ್ಚು. ಗಾಳಿ ಸದ್ದನ್ನು ಹೊತ್ತುಕೊಂಡು ಹೋಗುವುದೇ ಇದಕ್ಕೆ ಕಾರಣವೇ?

ಉತ್ತರ: ‘ಗಾಳಿ ಸದ್ದನ್ನು ಹೊತ್ತೊಯ್ದಿತು’ ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕೆಂದು ಸಾಮಾನ್ಯವಾಗಿ ಯಾರಿಗೂ ತೋಚುವುದಿಲ್ಲ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಬಿಚ್ಚಿದ ಛತ್ರಿ ಕೈಯಲ್ಲಿ ನಿಲ್ಲದಂತಾಗುವ ಗಾಳಿಯ ವೇಗವಾದರೂ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ. ಅಂಥ ಗಾಳಿ ಎದುರಿನಿಂದ ಬೀಸಿದರೆ ಶಬ್ದದ ವೇಗ 333 ಮೀಟರಿಗೆ ಇಳಿಯುತ್ತದೆ, ಹಿಂದಿನಿಂದ ಬೀಸಿದರೆ 353 ಮೀಟರಿಗೆ ಏರುತ್ತದೆ. ವ್ಯತ್ಯಾಸ ಎರಡೂ ಕಡೆಗೆ ಶೇಕಡ 3 ಮಾತ್ರ. 300 ಮೀಟರ್ ದೂರದಲ್ಲಿ ನಿಂತವರಿಗೆ ಹಾಡು ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಬೇಗ ಅಥವಾ ತಡವಾಗಿ ತಲುಪಬಹುದೇ ಹೊರತು, ಇಷ್ಟರಿಂದಲೇ ಅದು ಕೇಳಿಸದೆ ಹೋಗಲು ಸಾಧ್ಯವಿಲ್ಲ.

ಇದನ್ನು ಇನ್ನೊಂದು ಬಗೆಯಲ್ಲಿಯೂ ಯೋಚಿಸಬಹುದು. ಓಡುತ್ತಿರುವ ರೈಲಿನ ಬೋಗಿಯೊಳಗಿನ ಗಾಳಿಯೂ ರೈಲಿನ ವೇಗದಲ್ಲೇ ಓಡುತ್ತಿರುತ್ತದೆ, ಆದರೂ ಒಳಗೆ ಕುಳಿತವರ ಮಾತುಕತೆಗೆ ಯಾವ ಅಡ್ಡಿಯೂ ಆಗುವುದಿಲ್ಲ. ಇಡೀ ಗಾಳಿ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಜರುಗಿದರೆ ಶಬ್ದದ ಅಲೆಯ ಆಕಾರ ಕೆಡುವುದಿಲ್ಲ. ಅಲೆಯನ್ನು ಕೆಡಿಸುವುದು ಗಾಳಿಯ ವೇಗವಲ್ಲ; ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಆ ವೇಗದಲ್ಲಿ ಇರುವ ಏರುಪೇರು. ಮುಂದಿನ ಎಲ್ಲ ಉತ್ತರಗಳೂ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಏರುಪೇರಿನಲ್ಲಿ ಎರಡು ಬಗೆ. ಮೊದಲನೆಯದು ಕ್ರಮಬದ್ಧವಾದದ್ದು: ನೆಲದ ಉಜ್ಜುವಿಕೆಯಿಂದಾಗಿ ಗಾಳಿ ನೆಲದ ಬಳಿ ನಿಧಾನವಾಗಿಯೂ ಮೇಲೆ ಹೋದಂತೆ ವೇಗವಾಗಿಯೂ ಬೀಸುತ್ತದೆ. ನೆಲದಿಂದ 1 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 2 ಮೀಟರ್ ಇರುವ ಗಾಳಿ 10 ಮೀಟರ್ ಎತ್ತರದಲ್ಲಿ 5 ಮೀಟರ್ ಇರಬಹುದು. ಇಂಥ ಗಾಳಿಗೆ ಎದುರಾಗಿ ಹೊರಟ ಅಲೆಯ ಮೇಲ್ಭಾಗಕ್ಕೆ ಕೆಳಭಾಗಕ್ಕಿಂತ ಹೆಚ್ಚಿನ ಅಡ್ಡಿಯಿರುವುದರಿಂದ ಅದು ಹಿಂದೆ ಬೀಳುತ್ತದೆ. ಸಾಲಾಗಿ ಹೆಜ್ಜೆ ಹಾಕುವವರಲ್ಲಿ ಒಂದು ತುದಿಯವರು ನಿಧಾನಿಸಿದರೆ ಇಡೀ ಸಾಲು ಆ ತುದಿಯ ಕಡೆಗೆ ತಿರುಗುವಂತೆ, ಶಬ್ದವೂ ಮೇಲ್ಮುಖವಾಗಿ ಬಾಗುತ್ತದೆ. ಮೇಲೆ ಹೇಳಿದ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದರೆ, ನೆಲಕ್ಕೆ ಸಮಾನಾಂತರವಾಗಿ ಹೊರಟ ಶಬ್ದ 100 ಮೀಟರ್ ಸಾಗುವಷ್ಟರಲ್ಲಿ ಸುಮಾರು 5 ಮೀಟರ್ ಮೇಲಕ್ಕೆ ಎದ್ದಿರುತ್ತದೆ. ಅಷ್ಟು ದೂರದಲ್ಲಿ ನಿಂತವರ ತಲೆಯ ಮೇಲಿಂದ ಹಾಡು ಹಾದುಹೋಗುತ್ತದೆ ಎಂದರೆ ತಪ್ಪಲ್ಲ. ಗಾಳಿ ಬೀಸುವ ದಿಕ್ಕಿನಲ್ಲೇ ಹೊರಟ ಶಬ್ದಕ್ಕೆ ಇದರ ತದ್ವಿರುದ್ಧ: ಅದು ನೆಲದ ಕಡೆಗೆ ಬಾಗುತ್ತದೆ, ಆದ್ದರಿಂದ ದೂರದವರೆಗೂ ಕೇಳಿಸುತ್ತದೆ. ಹೊತ್ತೊಯ್ದಂತೆ ಕಾಣುವುದು ನಿಜವಾಗಿ ಬಾಗಿಸಿದ್ದು.

ಎರಡನೆಯ ಬಗೆಯ ಏರುಪೇರು ಅಸ್ತವ್ಯಸ್ತವಾದದ್ದು. ಹರಿಯುವ ಗಾಳಿಯಲ್ಲಿ ಸದಾ ಹುಟ್ಟಿ ಸಾಯುತ್ತಿರುವ ಸುಳಿಗಳಿಂದಾಗುವ ಈ ಏರುಪೇರನ್ನು ಪ್ರಕ್ಷುಬ್ಧತೆ ಎನ್ನುತ್ತೇವೆ. ನಿಮ್ಮ ಹಾಡು ಕ್ಷಣಕ್ಷಣಕ್ಕೂ ಏರಿಳಿಯುವುದಕ್ಕೆ ಕಾರಣ ಇದೇ.

ಪ್ರಶ್ನೆ: ಸುಳಿಗಳ ನಡುವೆ ಹಾದುಹೋಗುವಾಗ ಶಬ್ದದ ಅಲೆಗೆ ನಿಜವಾಗಿ ಏನಾಗುತ್ತದೆ? ಹಾಡಿನಲ್ಲಿ ತಾರಸ್ವರವೇ ಮೊದಲು ಹಾಳಾಗಿ, ಡೋಲಿನ ಪೆಟ್ಟು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದೇಕೆ?

ಉತ್ತರ: ಬ್ರಿಟನ್ನಿನ ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ನೀರು ಹರಿಸಿ, ಅದರ ನಡುವೆ ಬಣ್ಣದ ಒಂದು ಎಳೆಯನ್ನು ಬಿಟ್ಟು ನೋಡಿದರು. ನೀರು ನಿಧಾನವಾಗಿದ್ದಾಗ ಎಳೆ ನೇರವಾಗಿ ಸಾಗಿತು. ವೇಗ ಒಂದು ಮಿತಿ ದಾಟಿದೊಡನೆ ಅದು ನಡುಗಿ, ಸುರುಳಿ ಸುರುಳಿಯಾಗಿ ಒಡೆದು ಇಡೀ ಕೊಳವೆಯನ್ನು ತುಂಬಿಕೊಂಡಿತು. ವೇಗ ಮತ್ತು ಅಗಲಗಳ ಗುಣಲಬ್ಧವನ್ನು ದ್ರವದ ಸ್ನಿಗ್ಧತೆಯೊಡನೆ (ಹರಿಯಲು ಅಡ್ಡಿಮಾಡುವ ಅಂಟುತನದೊಡನೆ) ಹೋಲಿಸುವ ಒಂದು ಸಂಖ್ಯೆಯಿಂದ ಈ ಮಿತಿಯನ್ನು ಹೇಳಲಾಗುತ್ತದೆ, ಅದಕ್ಕೆ ಅವರ ಹೆಸರೇ ನಿಂತಿದೆ. ಕೊಳವೆಯಲ್ಲಿ ಈ ಸಂಖ್ಯೆ ಸುಮಾರು 2000 ದಾಟಿದರೆ ಹರಿವು ಪ್ರಕ್ಷುಬ್ಧವಾಗತೊಡಗುತ್ತದೆ. ತೆರೆದ ಬಯಲಿನಲ್ಲಿ ಸೆಕೆಂಡಿಗೆ ಬರೀ 3 ಮೀಟರ್ ವೇಗದ ತಂಗಾಳಿಯನ್ನೂ ನೆಲದ ಮೇಲಿನ 10 ಮೀಟರ್ ಎತ್ತರವನ್ನೂ ತೆಗೆದುಕೊಂಡರೆ ಅದೇ ಸಂಖ್ಯೆ 20 ಲಕ್ಷದ ಹತ್ತಿರ ಬರುತ್ತದೆ. ಹೊರಗಿನ ಗಾಳಿ ಹಗಲಿನಲ್ಲಿ ಪ್ರಕ್ಷುಬ್ಧವಾಗಿರುವುದು ವಿಶೇಷವಲ್ಲ, ಆಗದಿರುವುದೇ ವಿಶೇಷ.

ಅದರಲ್ಲಿ ಎಲ್ಲ ಗಾತ್ರದ ಸುಳಿಗಳೂ ಇರುತ್ತವೆ. ಹತ್ತಾರು ಮೀಟರ್ ಅಗಲದ ದೊಡ್ಡ ಸುಳಿ ಒಡೆದು ಚಿಕ್ಕದಾಗುತ್ತದೆ, ಚಿಕ್ಕದು ಮತ್ತೂ ಚಿಕ್ಕದಾಗುತ್ತದೆ, ಕೊನೆಗೆ ಕೆಲವು ಮಿಲಿಮೀಟರ್ ಗಾತ್ರಕ್ಕೆ ಇಳಿದಾಗ ಗಾಳಿಯ ಸ್ನಿಗ್ಧತೆ ಅದನ್ನು ಶಾಖವಾಗಿ ಕರಗಿಸಿಬಿಡುತ್ತದೆ. ದೊಡ್ಡ ಸುಳಿಯಿಂದ ಚಿಕ್ಕದಕ್ಕೆ ಶಕ್ತಿ ಹೀಗೆ ಇಳಿದುಬರುವುದಕ್ಕೆ ಒಂದು ಸರಳ ನಿಯಮವಿದೆಯೆಂದು 1941ರಲ್ಲಿ ರಷ್ಯದ ಆಂದ್ರೇ ಕೊಲ್ಮೊಗೊರೊವ್ ತೋರಿಸಿದರು. ಪ್ರಕ್ಷುಬ್ಧ ಗಾಳಿಯಲ್ಲಿ ಶಬ್ದ ಹೇಗೆ ಚದುರುತ್ತದೆ ಎಂಬ ಲೆಕ್ಕವನ್ನು ಅವರ ಶಿಷ್ಯ ಅಲೆಕ್ಸಾಂಡರ್ ಒಬುಖೊವ್ ಅದೇ ವರ್ಷ ಮಾಡಿದರು.

ಈಗ ಅಲೆಯ ಕಡೆಗೆ ಬರೋಣ. ಪ್ರತಿ ಸುಳಿಯಲ್ಲೂ ಒಂದು ಪಕ್ಕದ ಗಾಳಿ ಅಲೆಯನ್ನು ಕೊಂಚ ಮುಂದೆ ದೂಡುತ್ತದೆ, ಇನ್ನೊಂದು ಪಕ್ಕದ್ದು ಕೊಂಚ ಹಿಂದೆ ಜಗ್ಗುತ್ತದೆ. ಸುಳಿಗಳ ಜೊತೆಗೆ ಬಿಸಿ ಮತ್ತು ತಂಪು ಗಾಳಿಯ ತುಣುಕುಗಳೂ ಬೆರೆತಿರುತ್ತವೆ. ಉಷ್ಣತೆ 1 ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹೀಗಾಗಿ ಧ್ವನಿವರ್ಧಕದಿಂದ ನಯವಾದ ಗೋಳದಂತೆ ಹೊರಟ ಅಲೆಮುಖ ಕೆಲವು ನೂರು ಮೀಟರ್ ಸಾಗುವಷ್ಟರಲ್ಲಿ ಮುದುಡಿದ ಬಟ್ಟೆಯಂತಾಗಿರುತ್ತದೆ. ಅದರ ತಗ್ಗಿನ ಭಾಗಗಳು ಮಸೂರದಂತೆ ಶಬ್ದವನ್ನು ಒಂದೆಡೆ ಕೂಡಿಸುತ್ತವೆ, ಉಬ್ಬಿನ ಭಾಗಗಳು ಹರಡುತ್ತವೆ. ಬಿಸಿಲಿನಲ್ಲಿ ನೀರಿನ ತೊಟ್ಟಿಯ ತಳವನ್ನು ನೋಡಿ: ಮೇಲ್ಮೈಯ ಅಲುಗಾಟದಿಂದ ಬೆಳಕಿನ ಬಲೆಯೊಂದು ಅಲ್ಲಿ ಹರಿದಾಡುತ್ತಿರುತ್ತದೆ, ಎಳೆಗಳು ಪ್ರಕಾಶಮಾನ, ಕಣ್ಣುಗಳು ಮಂಕು. ಬಯಲಿನ ತುದಿಯಲ್ಲಿ ನಿಂತವರ ಸುತ್ತ ಅಂಥದೇ ಒಂದು ಸದ್ದಿನ ಬಲೆ ಇರುತ್ತದೆ. ಗಾಳಿಯೊಡನೆ ಅದು ಜರುಗುತ್ತಿರುವುದರಿಂದ ಕಿವಿಯ ಮೇಲೆ ಒಮ್ಮೆ ಎಳೆ ಹಾಯುತ್ತದೆ, ಒಮ್ಮೆ ಕಣ್ಣು ಹಾಯುತ್ತದೆ. ನಕ್ಷತ್ರಗಳ ಮಿನುಗು ಕೂಡ ಇದೇ ಜಾತಿಯದು. ಆದರೆ ಗಾಳಿಯ ಉಷ್ಣತೆ 1 ಡಿಗ್ರಿ ಬದಲಾದರೆ ಬೆಳಕಿನ ವೇಗ ಬದಲಾಗುವುದು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು, ಶಬ್ದದ ವೇಗವಾದರೋ ಅದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಬದಲಾಗುತ್ತದೆ. ಆದ್ದರಿಂದಲೇ ತಾರೆ ಮಿನುಗಲು ಇಡೀ ವಾಯುಮಂಡಲ ಬೇಕು, ಹಾಡು ಮಿನುಗಲು ಒಂದು ಬಯಲು ಸಾಕು.

ಇನ್ನು ತಾರಸ್ವರದ ಮಾತು. 1000 ಹರ್ಟ್ಸ್ ಆವೃತ್ತಿಯ, ಅಂದರೆ ಸೆಕೆಂಡಿಗೆ 1000 ಅಲೆಗಳ ಸ್ವರದ ತರಂಗದೂರ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರ) ಸುಮಾರು 34 ಸೆಂಟಿಮೀಟರ್, 100 ಹರ್ಟ್ಸ್‌ನದು 3.4 ಮೀಟರ್. ಎರಡು ದಾರಿಗಳಲ್ಲಿ ಬಂದ ಅಲೆಗಳು ಕಿವಿಯಲ್ಲಿ ಸೇರುವಾಗ ಒಂದು ಇನ್ನೊಂದಕ್ಕಿಂತ 17 ಸೆಂಟಿಮೀಟರ್ ಹಿಂದೆ ಬಿದ್ದಿದೆ ಎಂದುಕೊಳ್ಳಿ. 1000 ಹರ್ಟ್ಸ್ ಸ್ವರಕ್ಕೆ ಅದು ಅರ್ಧ ಅಲೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಎದುರಾಗಿ ಎರಡೂ ಪರಸ್ಪರ ಅಳಿಸಿಹಾಕುತ್ತವೆ. 100 ಹರ್ಟ್ಸ್ ಸ್ವರಕ್ಕೆ ಅದೇ ದೂರ ಅಲೆಯ ಇಪ್ಪತ್ತರಲ್ಲಿ ಒಂದು ಭಾಗ, ಅದು ಗಮನಕ್ಕೇ ಬರುವುದಿಲ್ಲ. ಸುಳಿ ಇಬ್ಬರಿಗೂ ಮಾಡಿದ ಅನ್ಯಾಯ ಒಂದೇ, ತಗುಲಿದ ಪೆಟ್ಟು ಮಾತ್ರ ಬೇರೆ. ಬಯಲು ಕಾರ್ಯಕ್ರಮಗಳಲ್ಲಿ ಧ್ವನಿ ವ್ಯವಸ್ಥೆ ನೋಡಿಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು: ಗಾಳಿ ಎದ್ದೊಡನೆ ತಾಳದ, ಝಲ್ಲೆನ್ನುವ ಸದ್ದುಗಳು ‘ಸುಯ್ ಸುಯ್’ ಎಂದು ಬಂದು ಹೋಗತೊಡಗುತ್ತವೆ, ಡೋಲು ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಈ ಏರಿಳಿತಕ್ಕೂ ಒಂದು ಎಲ್ಲೆಯಿದೆ. ದೂರ ಹೆಚ್ಚಿದಂತೆ ಏರಿಳಿತವೂ ಹೆಚ್ಚುತ್ತಾ ಹೋಗಿ, ಅಲೆ ಪೂರ್ತಿ ಚೂರಾಗಿ ಅಸಂಖ್ಯ ದಾರಿಗಳಿಂದ ಬಂದು ಸೇರುವ ಸ್ಥಿತಿ ತಲುಪಿದ ಮೇಲೆ ಅದು ಸರಾಸರಿಯ ಆಚೀಚೆ ಸುಮಾರು 5.6 ಡೆಸಿಬೆಲ್‌ಗಳ ಮಾನಕ ವಿಚಲನೆಯಲ್ಲಿ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತದೆ ಎಂಬ ಅಳತೆ; ಡೆಸಿಬೆಲ್ ಶಬ್ದದ ಮಟ್ಟದ ಏಕಮಾನ) ನಿಂತುಬಿಡುತ್ತದೆ. ಕೆಡಬೇಕಾದದ್ದೆಲ್ಲ ಕೆಟ್ಟ ಮೇಲೆ ಇನ್ನೂ ಕೆಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಹಾಗಾದರೆ ಪ್ರಕ್ಷುಬ್ಧ ಗಾಳಿ ಶಬ್ದದ ಶಕ್ತಿಯನ್ನು ಹೀರಿಕೊಳ್ಳುತ್ತದೆ ಎನ್ನಬಹುದೇ?

ಉತ್ತರ: ತೆರೆದ ಬಯಲಿನ ಮಟ್ಟಿಗೆ ಹಾಗೆನ್ನಲಾಗದು. ಸುಳಿಗಳು ಶಬ್ದವನ್ನು ಚದುರಿಸುತ್ತವೆ, ನುಂಗುವುದಿಲ್ಲ. ಒಬ್ಬರಿಗೆ ಕಡಿಮೆಯಾದದ್ದು ಇನ್ನೊಬ್ಬರಿಗೆ ಹೆಚ್ಚಾಗಿರುತ್ತದೆ. ನಿಜವಾದ ಹೀರಿಕೆ ನಡೆಯುವುದು ಗಾಳಿಯ ಅಣುಗಳ ಮಟ್ಟದಲ್ಲಿ. ಅಲೆಯ ಒತ್ತಡ ಬದಲಾದಂತೆ ಆಮ್ಲಜನಕ ಮತ್ತು ಸಾರಜನಕದ ಅಣುಗಳ ಕಂಪನ ಕೊಂಚ ಶಕ್ತಿಯನ್ನು ಪಡೆದು, ಹಿಂದಿರುಗಿಸುವಾಗ ತಡಮಾಡುತ್ತದೆ, ಆ ತಡದಲ್ಲಿ ಶಬ್ದ ಶಾಖವಾಗುತ್ತದೆ. 20 ಡಿಗ್ರಿ ಉಷ್ಣತೆ, ಶೇಕಡ 70ರ ಸಾಪೇಕ್ಷ ಆರ್ದ್ರತೆಯಲ್ಲಿ 1000 ಹರ್ಟ್ಸ್ ಸ್ವರ ಪ್ರತಿ ಕಿಲೋಮೀಟರಿಗೆ ಸುಮಾರು 5 ಡೆಸಿಬೆಲ್ ಕಳೆದುಕೊಂಡರೆ, 4000 ಹರ್ಟ್ಸ್ ಸ್ವರ ಸುಮಾರು 23 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಇದಕ್ಕೆ ಗಾಳಿ ಬೀಸಲೇಬೇಕೆಂದಿಲ್ಲ.

ಒಂದು ಅಪವಾದ ಇದೆ, ಅದು ಬಯಲಿನದಲ್ಲ. ಚೂಪಾದ ಅಂಚುಳ್ಳ ರಂಧ್ರದ ಮೂಲಕ ಗಾಳಿ ಹರಿಯುತ್ತಿರುವಾಗ ಅಲ್ಲಿಗೆ ಶಬ್ದವೂ ಬಂದರೆ, ಶಬ್ದದ ತುಯ್ತಕ್ಕೆ ಸರಿಯಾಗಿ ಅಂಚಿನಿಂದ ಸುಳಿಗಳು ಕಳಚಿಕೊಳ್ಳುತ್ತವೆ. ಆ ಸುಳಿಗಳಿಗೆ ಹೋದ ಶಕ್ತಿ ಶಬ್ದಕ್ಕೆ ಮರಳಿ ಬರುವುದಿಲ್ಲ. ಜೆಟ್ ಎಂಜಿನ್‌ಗಳ ಒಳಗೋಡೆಗೆ ಸಣ್ಣ ತೂತುಗಳ ಹಾಳೆ ಹೊದಿಸಿ ಗದ್ದಲ ತಗ್ಗಿಸುವಲ್ಲಿ ಇದರ ಪಾಲೂ ಇದೆ.

ಪ್ರಶ್ನೆ: ಎದುರು ಗಾಳಿಯಲ್ಲಿ ಶಬ್ದ ತಲೆಯ ಮೇಲೆ ಹಾದುಹೋಗುತ್ತದೆ ಎನ್ನುವುದಾದರೆ ಕೆಳಗೆ ಪೂರ್ತಿ ನಿಶ್ಶಬ್ದವಿರಬೇಕಲ್ಲವೇ? ನಮ್ಮ ಅನುಭವದಲ್ಲಿ ಕ್ಷೀಣವಾಗಿಯಾದರೂ ಕೇಳಿಸಿಯೇ ಕೇಳಿಸುತ್ತದೆ.

ಉತ್ತರ: ಬಹಳ ಸೂಕ್ಷ್ಮವಾದ ಪ್ರಶ್ನೆ, ಇದಕ್ಕೆ ನೂರೈವತ್ತು ವರ್ಷಗಳ ಹಿಂದಿನ ಜಗಳವೊಂದರ ಹಿನ್ನೆಲೆಯೂ ಇದೆ. ಎತ್ತರದೊಡನೆ ಗಾಳಿಯ ವೇಗ ಬದಲಾಗುವುದರಿಂದ ಶಬ್ದ ಬಾಗುತ್ತದೆಂದು 1857ರಲ್ಲಿ ಮೊದಲು ಸೂಚಿಸಿದವರು ಬ್ರಿಟನ್ನಿನ ಭೌತವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಅದನ್ನು 1874ರಲ್ಲಿ ಬಯಲಿನಲ್ಲಿ ಪರೀಕ್ಷಿಸಿದವರು, ಮೇಲೆ ಕೊಳವೆಯ ಪ್ರಯೋಗದಲ್ಲಿ ಬಂದ ಅದೇ ರೆನಾಲ್ಡ್ಸ್. ಅವರು ವಿದ್ಯುತ್ ಗಂಟೆಯೊಂದನ್ನು ಬಾರಿಸುತ್ತಿಟ್ಟು, ಗಾಳಿ ಬೀಸಿಬರುತ್ತಿದ್ದ ಕಡೆಗೆ ನಡೆದರು. ಸದ್ದು ಕೇಳಿಸದಾದ ಜಾಗದಲ್ಲಿ ನಿಂತು ಕಿವಿಯನ್ನು ಎತ್ತರಕ್ಕೆ ಒಯ್ದರೆ ಅದು ಮತ್ತೆ ಕೇಳಿಸುತ್ತಿತ್ತು. ಸದ್ದು ಸತ್ತಿರಲಿಲ್ಲ, ಮೇಲೆದ್ದಿತ್ತು.

ಇದೇ ಹೊತ್ತಿಗೆ ಇನ್ನೊಬ್ಬ ಭೌತವಿಜ್ಞಾನಿ ಜಾನ್ ಟಿಂಡಲ್ ಬೇರೆ ದಿಕ್ಕಿನಲ್ಲಿ ಯೋಚಿಸುತ್ತಿದ್ದರು. 1873ರಲ್ಲಿ ಅವರು ಇಂಗ್ಲೆಂಡಿನ ಡೋವರ್ ಬಳಿಯ ಸೌತ್ ಫೋರ್‌ಲ್ಯಾಂಡಿನಲ್ಲಿ ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಕೊಂಬು, ಉಗಿ ಸೈರನ್ ಮತ್ತು ತೋಪುಗಳನ್ನು ಪರೀಕ್ಷೆಗೆ ಒಡ್ಡಿದರು. ಕಣ್ಣಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದ ಶಾಂತ ದಿನವೊಂದರಲ್ಲಿ ಸದ್ದು ಎರಡು ಮೂರು ಮೈಲಿಗಳ ಆಚೆಗೆ ಕೇಳಿಸದೆ ಹೋಯಿತು, ಅದೇ ಹೊತ್ತಿಗೆ ಖಾಲಿ ಕಡಲಿನ ಕಡೆಯಿಂದ ಪ್ರತಿಧ್ವನಿ ಹಿಂದಿರುಗಿತು. ಕಣ್ಣಿಗೆ ಕಾಣದ, ಬಿಸಿ ಗಾಳಿ ಮತ್ತು ಆವಿಯ ಮುದ್ದೆಗಳು ಶಬ್ದಕ್ಕೆ ಮೋಡದಂತೆ ಅಡ್ಡ ನಿಲ್ಲುತ್ತವೆ ಎಂದು ಟಿಂಡಲ್ ವಾದಿಸಿದರು. ಭಾರದ ಮತ್ತು ಹಗುರ ಅನಿಲಗಳನ್ನು ಪದರ ಪದರವಾಗಿ ಹರಿಸಿ, ಅವುಗಳನ್ನು ದಾಟುವಾಗ ಸದ್ದು ಕುಂದುವುದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದರು. ಅಮೆರಿಕದ ದೀಪಸ್ತಂಭಗಳಿಗಾಗಿ ಇಂಥದೇ ಪರೀಕ್ಷೆಗಳನ್ನು ನಡೆಸಿದ್ದ ಜೋಸೆಫ್ ಹೆನ್ರಿ ಇದನ್ನು ಒಪ್ಪಲಿಲ್ಲ. ಬಾಗುವಿಕೆಯೊಂದೇ ಎಲ್ಲಕ್ಕೂ ಸಾಕು ಎಂಬುದು ಅವರ ನಿಲುವು.

ಇಂದು ಹಿಂದಿರುಗಿ ನೋಡಿದರೆ ಇಬ್ಬರ ಕೈಯಲ್ಲೂ ಸತ್ಯದ ಒಂದೊಂದು ತುಣುಕಿತ್ತು ಎನಿಸುತ್ತದೆ. ಸದ್ದು ಕೇಳಿಸದ ‘ನೆರಳಿನ ಪ್ರದೇಶ’ ಉಂಟಾಗುವುದು ಮುಖ್ಯವಾಗಿ ಬಾಗುವಿಕೆಯಿಂದ, ಆ ಮಟ್ಟಿಗೆ ಹೆನ್ರಿ ಮತ್ತು ರೆನಾಲ್ಡ್ಸ್ ಗೆದ್ದರು. ಆದರೆ ಮೇಲೆ ಹಾದುಹೋಗುವ ಶಬ್ದ ಅಲ್ಲಿಯ ಸುಳಿಗಳಿಗೆ ತಾಗಿ, ಅದರ ಒಂದು ಚಿಕ್ಕ ಪಾಲು ಕೆಳಗೆ ನೆರಳಿನೊಳಗೂ ಉದುರುತ್ತದೆ. ಟಿಂಡಲ್ ಹೇಳಿದ ಮುದ್ದೆಗಳು ಸದ್ದನ್ನು ತಡೆಯುವ ಗೋಡೆಗಳಾಗಿರಲಿಲ್ಲ, ಬದಲಿಗೆ ಸದ್ದು ತಲುಪಬಾರದ ಕಡೆಗೂ ಅದನ್ನು ಚೆಲ್ಲುವ ಕೈಗಳಾಗಿದ್ದವು. ಸುಳಿಗಳಿಲ್ಲದ ಗಾಳಿಯನ್ನು ಊಹಿಸಿ ಲೆಕ್ಕ ಹಾಕಿದರೆ ನೆರಳಿನ ಆಳದಲ್ಲಿ ಶಬ್ದ ಪಾತಾಳಕ್ಕಿಳಿಯಬೇಕು. ಅಳತೆಗಳಲ್ಲಿ ಮಾತ್ರ ಅದು ಸಾಮಾನ್ಯವಾಗಿ 20ರಿಂದ 30 ಡೆಸಿಬೆಲ್ ಇಳಿದು ಅಲ್ಲಿಯೇ ನಿಲ್ಲುತ್ತದೆ. ನಿಮಗೆ ಕೇಳಿಸುವ ಕ್ಷೀಣ ಸದ್ದು ಆ ಉದುರಿದ ಪಾಲು. ಹೆದ್ದಾರಿಗಳ ಪಕ್ಕದ ಸದ್ದು ತಡೆಗೋಡೆಗಳು ಗಾಳಿಯ ದಿನ ಲೆಕ್ಕದಷ್ಟು ಫಲ ಕೊಡದಿರುವುದಕ್ಕೂ ಇದು ಒಂದು ಕಾರಣ.

ಪ್ರಶ್ನೆ: ದೂರದ ರೈಲಿನ ಸದ್ದು ರಾತ್ರಿ ಸ್ಪಷ್ಟವಾಗಿ ಕೇಳಿಸುತ್ತದೆ, ಹಗಲಿನಲ್ಲಿ ಇಲ್ಲ. ಊರಿನ ಗದ್ದಲ ರಾತ್ರಿ ಕಡಿಮೆಯಿರುವುದೇ ಇದಕ್ಕೆ ಕಾರಣವೇ?

ಉತ್ತರ: ಅದೂ ಒಂದು ಕಾರಣ, ಅದೊಂದೇ ಅಲ್ಲ. ಹಗಲಿನಲ್ಲಿ ಕಾದ ನೆಲದ ಬಳಿ ಗಾಳಿ ಬಿಸಿಯಾಗಿ, ಮೇಲೆ ತಂಪಾಗಿರುವುದರಿಂದ ಶಬ್ದ ಎಲ್ಲ ದಿಕ್ಕಿನಲ್ಲೂ ಮೇಲಕ್ಕೆ ಬಾಗುತ್ತದೆ. ಸಾಲದೆಂಬಂತೆ ನೆಲದಿಂದ ಬಿಸಿ ಗಾಳಿಯ ಕಂಬಗಳು ಏಳುತ್ತಾ ಪ್ರಕ್ಷುಬ್ಧತೆಯನ್ನು ಹೆಚ್ಚಿಸುತ್ತವೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ; ತಣ್ಣನೆಯ ಭಾರದ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಉಳಿದು ಶಬ್ದ ನೆಲದ ಕಡೆಗೆ ಬಾಗುತ್ತದೆ. ಇಂಥ ಜೋಡಣೆ ಸುಳಿಗಳು ಮೇಲೇಳದಂತೆ ಅದುಮಿಡುವುದರಿಂದ ಅಲೆ ಹೆಚ್ಚು ಮುದುಡದೆ ಬರುತ್ತದೆ. ರಾತ್ರಿಯ ರೈಲಿನ ಸದ್ದು ಜೋರಾಗಿ ಕೇಳಿಸುವುದಷ್ಟೇ ಅಲ್ಲ, ಹಳಿಯ ಒಂದೊಂದು ‘ಟಕ್ ಟಕ್’ ಕೂಡ ಬಿಡಿಬಿಡಿಯಾಗಿ ಕೇಳಿಸುವುದನ್ನು ಗಮನಿಸಿರಬಹುದು. ಜೋರಿಗೆ ಕಾರಣ ಬಾಗುವಿಕೆ, ಬಿಡಿಬಿಡಿಯಾದ ಸ್ಪಷ್ಟತೆಗೆ ಕಾರಣ ಸುಳಿಗಳ ಗೈರುಹಾಜರಿ.

ಪ್ರಶ್ನೆ: ಗಾಳಿ ಬೀಸಿದಾಗ ಸ್ವರದ ಶ್ರುತಿ ಬದಲಾಗುತ್ತದೆಯೇ?

ಉತ್ತರ: ಒಂದೇ ಸಮನೆ ಬೀಸುವ ಗಾಳಿಯಲ್ಲಿ ಇಲ್ಲ. ಹಾಡುವವರೂ ಕೇಳುವವರೂ ನಿಂತಲ್ಲೇ ಇದ್ದರೆ ಸೆಕೆಂಡಿಗೆ ಎಷ್ಟು ಅಲೆಗಳು ಹೊರಟವೋ ಅಷ್ಟೇ ತಲುಪಬೇಕು. ಗಾಳಿಯ ವೇಗ ಬದಲಾಗುತ್ತಿರುವಾಗ ಮಾತ್ರ ಅತಿ ಚಿಕ್ಕ ವ್ಯತ್ಯಾಸ ಸಾಧ್ಯ. 300 ಮೀಟರಿನ ಇಡೀ ದಾರಿಯಲ್ಲಿ ಗಾಳಿ ಒಂದು ಸೆಕೆಂಡಿನೊಳಗೆ 1 ಮೀಟರ್‌ನಷ್ಟು ವೇಗ ಹೆಚ್ಚಿಸಿಕೊಂಡಿತು ಎಂದು ಉದಾರವಾಗಿಯೇ ಊಹಿಸಿದರೂ ಶ್ರುತಿ ಕದಲುವುದು ಶೇಕಡ 0.25ರಷ್ಟು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರ ಸುಮಾರು ಶೇಕಡ 6. ನುರಿತ ಕಿವಿಗೂ ಇದು ದಕ್ಕುವುದು ಕಷ್ಟ.

ಪ್ರಶ್ನೆ: ತಿರುಗುವ ಟೇಬಲ್ ಫ್ಯಾನಿನ ಎದುರು ಮಾತಾಡಿದರೆ ಧ್ವನಿ ಯಂತ್ರದ ಧ್ವನಿಯಂತೆ ನಡುಗುತ್ತದೆ. ಇದೂ ಪ್ರಕ್ಷುಬ್ಧತೆಯೇ ಎಂದು ನನ್ನ ಹತ್ತು ವರ್ಷದ ಮಗಳು ಕೇಳುತ್ತಿದ್ದಾಳೆ.

ಉತ್ತರ: ಅಲ್ಲ, ಅದು ರೆಕ್ಕೆಗಳ ಕೆಲಸ. ಮೂರು ರೆಕ್ಕೆಗಳ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 60 ಬಾರಿ ಒಂದು ರೆಕ್ಕೆ ಬಾಯಿಯೆದುರು ಹಾಯುತ್ತದೆ. ರೆಕ್ಕೆ ಬಂದಾಗ ಧ್ವನಿ ಅದಕ್ಕೆ ತಾಗಿ ಹಿಂದಿರುಗುತ್ತದೆ, ಸಂದು ಬಂದಾಗ ಮುಂದೆ ಹೋಗುತ್ತದೆ. ಆ ಕತ್ತರಿಸುವಿಕೆಯೇ ನಡುಕ. ಫ್ಯಾನಿನ ಗಾಳಿ ಪ್ರಕ್ಷುಬ್ಧವಾಗಿರುವುದೇನೋ ನಿಜ, ಆದರೆ ಅರ್ಧ ಮೀಟರ್ ದಾರಿಯಲ್ಲಿ ಅದು ಅಲೆಯನ್ನು ಹಿಂದುಮುಂದಾಗಿಸುವುದು ಮಿಲಿಮೀಟರುಗಳ ಲೆಕ್ಕದಲ್ಲಿ. ಮಗಳಿಗೆ ಇಷ್ಟು ಹೇಳಿ: ನಡುಕ ಕ್ರಮವಾಗಿದ್ದರೆ ಅದು ಯಂತ್ರದ್ದು, ಕ್ರಮ ತಪ್ಪಿದ್ದರೆ ಗಾಳಿಯದ್ದು. ಫ್ಯಾನಿನ ವೇಗ ಬದಲಿಸಿ ಮತ್ತೆ ಮಾತಾಡಿದರೆ ಅವಳಿಗೇ ತಿಳಿಯುತ್ತದೆ.

ಪ್ರಶ್ನೆ: ಹೊರಗೆ ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ‘ಬರ್ ಬರ್’ ಎಂಬ ಗಾಳಿಯ ಸದ್ದಿನಲ್ಲಿ ಮಾತು ಮುಳುಗಿಹೋಗುತ್ತದೆ. ಅದೇ ಹೊತ್ತಿನಲ್ಲಿ ನನ್ನ ಕಿವಿಗೆ ಅಂಥ ಸದ್ದೇನೂ ಕೇಳಿಸಿರುವುದಿಲ್ಲ. ಮೈಕ್‌ಗೆ ತುಪ್ಪಳ ಹೊದಿಸಿದರೆ ಅದು ಹೇಗೆ ಸರಿಹೋಗುತ್ತದೆ?

ಉತ್ತರ: ನೀವು ‘ಸದ್ದು’ ಎಂದು ಕರೆಯುತ್ತಿರುವುದು ನಿಜವಾದ ಅರ್ಥದಲ್ಲಿ ಸದ್ದೇ ಅಲ್ಲ. ಶಬ್ದವೆಂದರೆ ಸೆಕೆಂಡಿಗೆ 343 ಮೀಟರ್ ವೇಗದಲ್ಲಿ ತಾನೇ ಮುಂದೆ ಸಾಗುವ ಒತ್ತಡದ ಅಲೆ. ಮೈಕ್‌ನ ಬಾಯಿಗೆ ಬಡಿಯುತ್ತಿರುವುದು ಸುಳಿಗಳೊಳಗಿನ ಒತ್ತಡ. ಅದು ಸುಳಿಯೊಡನೆ ಗಾಳಿಯ ವೇಗದಲ್ಲೇ ಬರುತ್ತದೆ, ಸುಳಿಯೊಡನೆಯೇ ಹೋಗುತ್ತದೆ. ಮೈಕ್‌ನ ಪೊರೆಗೆ ಈ ಎರಡರ ಭೇದ ತಿಳಿಯದು, ಒತ್ತಡ ಬದಲಾದರೆ ಅದಕ್ಕೆ ಸಾಕು.

ಆ ಒತ್ತಡವೂ ಸಾಮಾನ್ಯದ್ದಲ್ಲ. ಗಾಳಿಯ ವೇಗ ಸೆಕೆಂಡಿಗೆ 4 ಮೀಟರಿನಿಂದ 6 ಮೀಟರಿಗೆ ಏರಿದರೆ ಎದುರಿನ ಮೇಲ್ಮೈ ಮೇಲೆ ಒತ್ತಡ ಸುಮಾರು 12 ಪಾಸ್ಕಲ್ ಹೆಚ್ಚುತ್ತದೆ. ಒಂದು ಮೀಟರ್ ದೂರದಲ್ಲಿ ನಿಂತು ಸಹಜವಾಗಿ ಮಾತಾಡುವವರ ಧ್ವನಿಯ ಒತ್ತಡ ಸುಮಾರು 0.02 ಪಾಸ್ಕಲ್. ಅಂದರೆ ಗಾಳಿಯ ಒಂದು ಸಾಧಾರಣ ಬೀಸು ಮಾತಿಗಿಂತ 600 ಪಟ್ಟು ಬಲವಾಗಿ ಪೊರೆಯನ್ನು ತಳ್ಳುತ್ತದೆ. ಈ ತಳ್ಳುವಿಕೆ ಬಹುಪಾಲು ನಿಧಾನಗತಿಯದಾದ್ದರಿಂದ ನಮ್ಮ ಕಿವಿ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮೈಕ್ ಮಾತ್ರ ಉಸಿರುಕಟ್ಟಿದಂತಾಗಿ ಮಾತನ್ನೂ ಕೆಡಿಸುತ್ತದೆ.

ತುಪ್ಪಳ ಮತ್ತು ಸ್ಪಂಜಿನ ಗುಟ್ಟು ಗಾತ್ರದಲ್ಲಿದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾಯುವ 5 ಸೆಂಟಿಮೀಟರಿನ ಸುಳಿ ಮೈಕ್‌ಗೆ 100 ಹರ್ಟ್ಸ್ ಸ್ವರದಂತೆ ತೋರುತ್ತದೆ. ನಿಜವಾದ 100 ಹರ್ಟ್ಸ್ ಶಬ್ದದ ತರಂಗದೂರ 3.4 ಮೀಟರ್. ಅಂಗೈ ಅಗಲದ ಸ್ಪಂಜಿನ ಒಂದು ಬದಿಯಲ್ಲಿ ಒಂದು ಸುಳಿ ಒತ್ತುತ್ತಿದ್ದರೆ ಇನ್ನೊಂದು ಬದಿಯಲ್ಲಿ ಮತ್ತೊಂದು ಸುಳಿ ಎಳೆಯುತ್ತಿರುತ್ತದೆ. ಒಳಗೆ ಹೋಗುವಷ್ಟರಲ್ಲಿ ಎರಡೂ ಸರಿದೂಗಿ ಹೋಗುತ್ತವೆ. ಶಬ್ದದ ಅಲೆಯಾದರೋ ಸ್ಪಂಜಿಗಿಂತ ಬಹಳ ದೊಡ್ಡದು, ಅದು ಎಲ್ಲ ಬದಿಗಳನ್ನೂ ಏಕಕಾಲಕ್ಕೆ ಒತ್ತಿ ನಿರಾತಂಕವಾಗಿ ಒಳಹೋಗುತ್ತದೆ. ಗುಂಪಾಗಿ ಬಂದವರನ್ನು ಬಿಟ್ಟು, ತಮ್ಮತಮ್ಮಲ್ಲೇ ಜಗಳವಾಡುತ್ತಾ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವ ಕಾವಲುಗಾರ ಅದು.

ಪ್ರಶ್ನೆ: ಹಾಗಿದ್ದರೆ ಸುಳಿಗಳು ನಿಜವಾದ ಶಬ್ದವನ್ನು ಹುಟ್ಟಿಸುವುದೇ ಇಲ್ಲವೇ? ತಂತಿಗಳು ಗಾಳಿಗೆ ಗುನುಗುವುದನ್ನು ಕೇಳಿದ್ದೇನೆ.

ಉತ್ತರ: ಹುಟ್ಟಿಸುತ್ತವೆ. ತಂತಿಯ ಹಿಂದೆ ಸುಳಿಗಳು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಸರದಿಯಂತೆ ಕಳಚಿಕೊಳ್ಳುತ್ತವೆ. ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಆ ಗುನುಗಿನ ಆವೃತ್ತಿ ಸಿಗುತ್ತದೆ: 4 ಮಿಲಿಮೀಟರ್ ತಂತಿ, ಸೆಕೆಂಡಿಗೆ 10 ಮೀಟರ್ ಗಾಳಿಯಾದರೆ 500 ಹರ್ಟ್ಸ್. ಯಾವ ಘನವಸ್ತುವಿನ ನೆರವೂ ಇಲ್ಲದೆ ಬರೀ ಸುಳಿಗಳು ಹುಟ್ಟಿಸುವ ಶಬ್ದದ ಸಿದ್ಧಾಂತವನ್ನು 1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಕೊಟ್ಟರು. ಅಂಥ ಶಬ್ದದ ಶಕ್ತಿ ಹರಿವಿನ ವೇಗದ ಎಂಟನೆಯ ಘಾತದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ 256 ಪಟ್ಟಾಗುತ್ತದೆ. ತಂಗಾಳಿ ಮೌನವಾಗಿರುವುದೂ ಜೆಟ್ ವಿಮಾನ ಕಿವಿ ಗಡಚಿಕ್ಕುವುದೂ ಈ ಒಂದೇ ಸೂತ್ರದೊಳಗೆ ಅಡಗಿವೆ. ಜೆಟ್ ಎಂಜಿನ್‌ಗಳನ್ನು ಅಗಲ ಮಾಡಿ, ಹೆಚ್ಚು ಗಾಳಿಯನ್ನು ಕಡಿಮೆ ವೇಗದಲ್ಲಿ ಹೊರದೂಡುವಂತೆ ರೂಪಿಸಿದ ಮೇಲೆ ಅವುಗಳ ಗದ್ದಲ ತಗ್ಗಿದ್ದಕ್ಕೂ ಇದೇ ಕಾರಣ.

ಪ್ರಶ್ನೆ: ಶಬ್ದವನ್ನು ಕೆಡಿಸುವ ಈ ಗುಣದಿಂದ ಏನಾದರೂ ಉಪಯೋಗವಿದೆಯೇ?

ಉತ್ತರ: ಇದೆ. ಕೆಟ್ಟ ಬಗೆಯನ್ನು ಅಳೆದರೆ ಕೆಡಿಸಿದ್ದು ಯಾವುದೆಂದು ತಿಳಿಯುತ್ತದೆ. ಹವಾಮಾನ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಗಾಳಿಮಾಪಕದಲ್ಲಿ ತಿರುಗುವ ಬಟ್ಟಲುಗಳಿರುವುದಿಲ್ಲ. ಒಂದು ಗೇಣಿನ ಅಂತರದಲ್ಲಿ ಎದುರುಬದುರಾಗಿ ಕೂರಿಸಿದ ಎರಡು ಚಿಕ್ಕ ಗುಂಡಿಗಳು ಕಿವಿಗೆ ಕೇಳದ ಶ್ರವಣಾತೀತ ಶಬ್ದವನ್ನು ಪರಸ್ಪರ ಕಳುಹಿಸುತ್ತವೆ. ಗಾಳಿಯೊಡನೆ ಹೋಗಲು ಹಿಡಿದ ಕಾಲಕ್ಕೂ ಗಾಳಿಗೆ ಎದುರಾಗಿ ಬರಲು ಹಿಡಿದ ಕಾಲಕ್ಕೂ ಇರುವ ವ್ಯತ್ಯಾಸದಿಂದ ಗಾಳಿಯ ವೇಗವನ್ನೂ, ಎರಡನ್ನೂ ಕೂಡಿಸಿ ನೋಡಿ ಶಬ್ದದ ವೇಗವನ್ನೂ, ಅದರಿಂದ ಉಷ್ಣತೆಯನ್ನೂ ಪಡೆಯಬಹುದು. ಸೆಕೆಂಡಿಗೆ 20 ಬಾರಿ ಹೀಗೆ ಅಳೆಯುವುದು ಅದಕ್ಕೆ ಸುಲಭ. ಆದ್ದರಿಂದ ಒಂದೊಂದು ಸುಳಿ ಹಾದುಹೋದದ್ದೂ ಅದರಲ್ಲಿ ದಾಖಲಾಗುತ್ತದೆ.

ಇನ್ನೊಂದು ಉಪಕರಣ ಸೋಡಾರ್. ನೆಲದಲ್ಲಿಟ್ಟ ಧ್ವನಿವರ್ಧಕಗಳ ಗುಂಪು ಆಕಾಶಕ್ಕೆ ‘ಚುಂಯ್’ ಎಂದು ಒಂದು ಸ್ವರ ಕಳುಹಿಸಿ, ನೂರಾರು ಮೀಟರ್ ಎತ್ತರದಿಂದ ಹಿಂದಿರುಗುವ ಅತಿ ಕ್ಷೀಣ ಸದ್ದಿಗಾಗಿ ಕಿವಿಗೊಟ್ಟು ಕೂರುತ್ತದೆ. ಟಿಂಡಲ್‌ಗೆ ಖಾಲಿ ಕಡಲಿನಿಂದ ಕೇಳಿಸಿದ ಪ್ರತಿಧ್ವನಿಯ ಕುಲದ್ದೇ ಇದು. ಕಳುಹಿಸಿದ ಸ್ವರ 2000 ಹರ್ಟ್ಸ್ ಆಗಿದ್ದರೆ ಅದರ ತರಂಗದೂರ 17 ಸೆಂಟಿಮೀಟರ್. ಅದನ್ನು ಹಿಂದಕ್ಕೆ ಕಳುಹಿಸುವುದು ಆ ದೂರದ ಅರ್ಧದಷ್ಟು, ಅಂದರೆ ಎಂಟೂವರೆ ಸೆಂಟಿಮೀಟರ್ ಅಳತೆಯ ಏರುಪೇರುಗಳು ಮಾತ್ರ. ಹಿಂದಿರುಗಿದ ಸ್ವರದ ಶ್ರುತಿ ಎಷ್ಟು ಸರಿದಿದೆ ಎಂಬುದರಿಂದ ಆ ಎತ್ತರದ ಗಾಳಿಯ ವೇಗ ತಿಳಿಯುತ್ತದೆ. ಗಾಳಿಯಂತ್ರಗಳನ್ನು ನಿಲ್ಲಿಸುವ ಜಾಗ ಆರಿಸುವಾಗ ಇದನ್ನು ಬಳಸುತ್ತಾರೆ.

ಇದರಲ್ಲಿ ಒಂದು ವಿಚಿತ್ರವಿದೆ. ನೇರ ಹಿಂದಕ್ಕೆ ಶಬ್ದವನ್ನು ಚದುರಿಸುವ ಶಕ್ತಿ ಗಾಳಿಯ ವೇಗದ ಏರುಪೇರಿಗೆ ಇಲ್ಲ, ಉಷ್ಣತೆಯ ಏರುಪೇರಿಗೆ ಮಾತ್ರ ಇದೆ ಎಂದು ಲೆಕ್ಕ ಹೇಳುತ್ತದೆ, ಅಳತೆಗಳೂ ಅದನ್ನೇ ತೋರಿಸಿವೆ. ಹೀಗಾಗಿ ಬೆಳಗ್ಗೆ ಮತ್ತು ಸಂಜೆ ನೆಲವೂ ಗಾಳಿಯೂ ಒಂದೇ ಉಷ್ಣತೆಗೆ ಬರುವ ಸಂಧಿಕಾಲದಲ್ಲಿ, ಮೇಲೆ ಗಾಳಿ ಚೆನ್ನಾಗಿಯೇ ಬೀಸುತ್ತಿದ್ದರೂ, ಸೋಡಾರ್ ಕೂಗಿದ ಕೂಗಿಗೆ ಸ್ವಲ್ಪ ಹೊತ್ತು ಆಕಾಶದಿಂದ ಉತ್ತರವೇ ಬರುವುದಿಲ್ಲ.